ಕುಳ್ಳ ಮರದ ಬಲೆ

ದೆರಾಮಾನ್ ತನ್ನ ತಪ್ಪನ್ನು ಒಪ್ಪಿಕೊಳ್ಳುವ ಮನುಷ್ಯನಲ್ಲ. ಅರವತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಒಪ್ಪಿಕೊಂಡಿಲ್ಲ. ದಾರಿ ತಪ್ಪಿ ಬೇರೆ ಊರು ಸೇರಿದಾಗಲೂ ತಾನು ಅಲ್ಲಿಗೇ ಹೊರಟಿದ್ದೆನೆಂದು ಸಾಧಿಸಿ, ಅಲ್ಲೇ ಕಾಫಿ ಕುಡಿದು ಬಂದವನು.

ತಂದೆಯಿಂದ ಅವನಿಗೆ ಎರಡು ತುಂಡು ನೆಲ ಬಂದಿತ್ತು. ಪೆರಾಕ್ ನದಿಯ ಮೇಲ್ದಂಡೆಯಲ್ಲಿ ಹನ್ನೆರಡು ಡುರಿಯನ್ ಹಣ್ಣಿನ ಮರಗಳ ತೋಟ. ಕೆಳಗೆ, ನದಿ ಸಮುದ್ರ ಸೇರುವ ಕಡೆ, ಬೆರೆಂಬಾಂಗ್ ಎಂಬ ಕಾಂಡ್ಲಾ ಮರಗಳು ದಟ್ಟವಾಗಿ ನಿಂತ ಕೆಸರು. ಪಕ್ಕದ ಕೆಸರು ಅಕ್ಕ ರೊಗಾಯಾಳದು. ಹದಿನಾಲ್ಕು ವರ್ಷಗಳ ಹಿಂದೆ ಸಿಗಡಿ ಕೊಳ ಮಾಡುವವರು ಬಂದಾಗ ದೆರಾಮಾನ್, ಸೊಳ್ಳೆ ಸಾಕುವ ನೆಲ ಯಾರಿಗೆ ಬೇಕೆಂದು ತನ್ನದನ್ನು ಮಾರಿದ. ದಂಡೆಯುದ್ದಕ್ಕೂ ಎಲ್ಲರೂ ಮಾರಿದರು, ರೊಗಾಯಾ ಒಬ್ಬಳನ್ನು ಬಿಟ್ಟು. ಮರಗಳು ಹೋಗಿ ಕೊಳಗಳು ಬಂದವು. ಆರನೆಯ ವರ್ಷ ಸಿಗಡಿಗೆ ರೋಗ ಬಿದ್ದು ಕೊಳದವರೂ ಹೋದರು. ಒಡೆದ ಏರಿಗಳು ಮಾತ್ರ ಉಳಿದವು.

ಆಮೇಲೆ ಡುರಿಯನ್ ಕಾಯಿ ಕಚ್ಚುವುದು ವರ್ಷ ವರ್ಷಕ್ಕೆ ಕಡಿಮೆಯಾಯಿತು. ಹೂವಿಗೇನೂ ಕೊರತೆಯಿರಲಿಲ್ಲ. ಆದರೆ ಸಂಜೆ ಅರಳಿದ್ದು ಬೆಳಗಾಗುವಷ್ಟರಲ್ಲಿ ಬುಡದ ತುಂಬ ಬೆಳ್ಳಗೆ ಉದುರಿರುತ್ತಿತ್ತು. ಇದು ಬಾವಲಿಗಳ ಕೆಲಸವೆಂದು ದೆರಾಮಾನ್ ತೀರ್ಮಾನಿಸಿ ಬಲೆ ಹೆಣೆಯಲು ಕೂತ. ಹಬ್ಬಕ್ಕೆ ಅಕ್ಕನ ಮನೆಗೆ ಹೋದಾಗ ಅದನ್ನೇ ಹೇಳಿಕೊಂಡ.

"ಬಾವಲಿ ಹೂವು ತಿನ್ನಲ್ಲ ಕಣೋ, ಜೇನು ಕುಡಿಯುತ್ತೆ," ಎಂದಳು ರೊಗಾಯಾ, ಹುಳಿ ಬೆರೆಂಬಾಂಗ್ ಕಾಯಿಯನ್ನು ಖಾರದ ಸಂಬಾಲ್ ಚಟ್ನಿಯಲ್ಲಿ ಅದ್ದುತ್ತ.

"ನೀನೇನು ಅದರ ಬಾಯೊಳಗೆ ಇಣುಕಿ ನೋಡಿದ್ದೀಯಾ?"

"ದಿನಾ ಸಂಜೆ ನನ್ನ ಮರಕ್ಕೇ ಬರ್ತಾವಲ್ಲ, ನೋಡದೆ ಏನು? ನಿನ್ನ ಡುರಿಯನ್ ಹೂವು ಕೊಡೋದು ವರ್ಷಕ್ಕೆ ಮೂರು ವಾರದ ಊಟ. ಮಿಕ್ಕ ದಿನ ಏನ್ ಮಾಡ್ಬೇಕು? ತಿಂಗಳು ತಿಂಗಳೂ ಹೂ ಬಿಡೋ ಇಲ್ಲಿದ್ದ ಮರಾನೆಲ್ಲ ಮಾರ್ಕೊಂಡ್ರಿ. ವರ್ಷವಿಡೀ ರಂಜಾನ್ ಉಪವಾಸ ಇರ್ಬೇಕಾ ಅವು? ಅವು ಬಂದು ಮುಟ್ಟದೇ ಇದ್ರೆ ನಿನ್ನ ಹೂವು ಕಾಯಾಗಲ್ಲ, ತಿಳ್ಕೋ."

"ಅಕ್ಕಾ, ನಿಂಗೆ ಕೆಸರು ತಲೆಗೇರಿದೆ."

"ನಿಂಗೆ ಏರೋಕೆ ತಲೆನಾದ್ರೂ ಬೇಡ್ವಾ?"

ಅವನು ಮಾರಿದ್ದ ನೆಲದಲ್ಲಿ, ಒಡೆದ ಕೊಳದ ಏರಿಯ ಬುಡದಲ್ಲಿ ಅವಳು ಬೆರೆಂಬಾಂಗ್ ಸಸಿ ನೆಡುತ್ತಿದ್ದಳು. ನೆಟ್ಟದ್ದನ್ನೆಲ್ಲ ಆಡುಗಳು ಮೇಯುತ್ತಿವೆಯೆಂದು ಗೊಣಗಿದಳು.

"ಕಂಡೋರ ಕೊಳದಲ್ಲಿ ಸಸಿ ನೆಟ್ಟು ಕಂಡೋರ ಆಡನ್ನ ಬೈತೀಯ!" ಎಂದು ದೆರಾಮಾನ್ ನಕ್ಕು ಎದ್ದ.

ಹೂವಿನ ಕಾಲ ಬಂತು. ಎತ್ತರದ ಮರಗಳಿಗೆ ಕೈ ನಿಲುಕದು. ಮನೆಯ ಪಕ್ಕದ ಕುಳ್ಳ ಮರವನ್ನು ಮಾತ್ರ ಬುಡದಿಂದ ತುದಿಯವರೆಗೆ ಬಲೆಯಲ್ಲಿ ಸುತ್ತಿದ. ನೊಣಕ್ಕೂ ದಾರಿಯಿಲ್ಲ ಎಂದು ಹೆಂಡತಿಗೆ ಹೇಳಿದ. ಮರುದಿನ ಬೆಳಗ್ಗೆ ನೋಡಿದರೆ ಬಲೆಯ ಒಳಗೇ ಹೂವು ಬೆಳ್ಳಗೆ ರಾಶಿ ಬಿದ್ದಿತ್ತು. ಬಲೆ ಎಲ್ಲೂ ಹರಿದಿರಲಿಲ್ಲ. ಎರಡನೆಯ ದಿನವೂ ಹಾಗೇ, ಮೂರನೆಯ ದಿನವೂ ಹಾಗೇ. ತಿಂಗಳು ಕಳೆದ ಮೇಲೆ ಉಳಿದ ಹನ್ನೊಂದು ಮರಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಯಿ ನಿಂತಿತ್ತು. ಕುಳ್ಳ ಮರದಲ್ಲಿ ಒಂದೂ ಇರಲಿಲ್ಲ.

"ಏನಾಯ್ತು ಮರಕ್ಕೆ?" ಎಂದಳು ಹೆಂಡತಿ.

"ಗಾಳಿ," ಎಂದ ದೆರಾಮಾನ್. ಆ ದಿನವೆಲ್ಲ ಆ ಮರದ ಕೆಳಗೇ ಕೂತಿದ್ದ. ಹನ್ನೆರಡೂ ಅಪ್ಪ ನೆಟ್ಟ ಮರಗಳು. ಹೀಗೇ ಹೋದರೆ ಇನ್ನು ನಾಲ್ಕೈದು ವರ್ಷಕ್ಕೆ ಎಲ್ಲವೂ ಬರೀ ನೆರಳಿಗೆ.

ಆ ವಾರ ಅವನು ಬಲೆ ಬಿಚ್ಚಿ, ಸುರುಳಿ ಸುತ್ತಿ ದೋಣಿಗೆ ಹಾಕಿಕೊಂಡ. ಅಕ್ಕನ ಮನೆಯ ಮುಂದೆ ನಿಲ್ಲಿಸದೆ ಒಡೆದ ಕೊಳದ ಬಳಿ ಇಳಿದ. ನೀರು ಇಳಿದಿತ್ತು. ಮೊಣಕಾಲುದ್ದ ಕೆಸರಿನಲ್ಲಿ ಬಿದಿರು ಗೂಟ ನೆಡುತ್ತ, ಸಸಿಗಳ ಸುತ್ತ ಬಲೆ ಕಟ್ಟುತ್ತ ಬಂದ.

ರೊಗಾಯಾ ಏರಿಯ ಮೇಲೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಬಾವಲಿ ಹಿಡಿಯೋಕೆ ಇಲ್ಲಿಗೂ ಬಂದ್ಯೇನೋ?"

"ಆಡಿಗೆ," ಎಂದ ಅವನು, ತಲೆ ಎತ್ತದೆ.

ಅರ್ಧ ಸಾಲಿಗೇ ಬಲೆ ಮುಗಿಯಿತು. ಉಳಿದ ಸಸಿಗಳನ್ನು ಬೆರಳಲ್ಲಿ ಎಣಿಸಿ, ಮನೆಯಲ್ಲಿ ಹಳೆಯ ಮೀನಿನ ಬಲೆ ಏನಾದರೂ ಇದೆಯೇ ಎಂದು ಅಕ್ಕನನ್ನು ಕೇಳಿದ.