ಬಿಚ್ಚಲಾಗದ ಕೋಳಿ

ಫ್ರೇಮ್ ಅಂಗಡಿಯಲ್ಲಿ ಅವಳಿಗೆ ವಾರ್ನಿಷಮ್ಮ ಅಂತಲೇ ಹೆಸರು. ಚಿತ್ರಗಳಿಗೆ ಕಟ್ಟು ಹಾಕುವುದು ಮಾಲೀಕರ ಕೆಲಸ. ಜನ ಮಡಚಿ ತರುವ ಕಾಗದದ ಹಕ್ಕಿ, ಹೂವು, ದೋಣಿಗಳಿಗೆ ಲೇಪ ಕೊಡುವುದು ಇವಳದು. ತೆಳು ಕಾಗದವಾದರೆ ನೀರು ಬೆರೆಸಿದ ಗೋಂದು, ದಪ್ಪದ್ದಾದರೆ ವಾರ್ನಿಷ್. ಒಂದು ಪದರ ಒಣಗುವ ಮುಂಚೆ ಇನ್ನೊಂದು ಹಚ್ಚಿದವಳೇ ಅಲ್ಲ. ಮಾಲೀಕರು ಗೊಣಗಿದರೆ, "ಒದ್ದೆ ಮೇಲೆ ಒದ್ದೆ ಬಳಿದ್ರೆ ಹಕ್ಕಿ ಹಸಿಬಟ್ಟೆ ಆಗುತ್ತೆ ಸಾರ್. ಆಮೇಲೆ ನೀವೇ ಹಿಂಡಿ ಒಣಹಾಕ್ಬೇಕು" ಅನ್ನುತ್ತಿದ್ದಳು.

ಅವಳ ಸ್ವಂತ ಅಕ್ಕ ಹಾಸಿಗೆ ಹಿಡಿದಾಗಲೂ ಕೈ ಸುಮ್ಮನಿರಲಾರದೆ ಒಂದೇ ಹಾಳೆಯಲ್ಲಿ ಒಂದು ಕೋಳಿ ಮಡಚಿದ್ದಳು. ಯಾವ ಪುಸ್ತಕದ್ದೂ ಅಲ್ಲ, ತಾನೇ ಕಂಡುಕೊಂಡದ್ದು. ರೆಕ್ಕೆಯಡಿಯಿಂದ ಮರಿಯೊಂದು ಇಣುಕುತ್ತಿತ್ತು. ಅಕ್ಕ ತೀರಿಕೊಂಡ ಮೂರನೇ ವಾರ, ಅಕ್ಕನ ಮಗಳು ಶಾಲೆಗೆ ಹೋಗಿದ್ದ ಹೊತ್ತಿನಲ್ಲಿ ಇವಳು ಆ ಕೋಳಿಯನ್ನು ಅವರ ಮನೆಯ ಗೋಡೆಗೂಡಿನಿಂದ ಎತ್ತಿಕೊಂಡು ಬಂದಳು. ಧೂಳು ಕೂರಬಾರದು, ಮುದುಡಬಾರದು. ಮಡಿಕೆಗಳ ಒಳಕ್ಕೂ ಸಣ್ಣ ಕುಂಚ ತೂರಿಸಿ ನಾಲ್ಕು ಸಲ ವಾರ್ನಿಷ್ ಹಚ್ಚಿದಳು. ಉಗುರಿನಿಂದ ತಟ್ಟಿದರೆ ಮರದ ಸದ್ದು. ಅಷ್ಟು ಅಚ್ಚುಕಟ್ಟಾದ ಕೆಲಸ ಅವಳ ಕೈಯಿಂದ ಹಿಂದೆಂದೂ ಆಗಿರಲಿಲ್ಲ.

ಭಾನುವಾರ ಒಯ್ದು ಕೊಟ್ಟಳು. ಹುಡುಗಿ ಕೋಳಿಯ ಬಾಲವನ್ನು ಮೆಲ್ಲನೆ ಎಳೆದಳು. ಅದು ಅಲುಗಲಿಲ್ಲ.

"ಚಿಕ್ಕಮ್ಮಾ, ಏನ್ಮಾಡಿದೆ ಇದಕ್ಕೆ?"

"ವಾರ್ನಿಷ್ ಕಣೇ. ಇನ್ನು ನಿನ್ನ ಮೊಮ್ಮಕ್ಕಳೂ ಆಡಬಹುದು."

"ಬಿಚ್ಚಿ, ಮಡಿಕೆ ಗೆರೆ ನೋಡ್ಕೊಂಡು ಕಲ್ತುಕೋ ಅಂದಿದ್ಲು ಅಮ್ಮ. ಇಷ್ಟು ದಿನ ಮುಟ್ಟೋಕೆ ಧೈರ್ಯ ಬಂದಿರ್ಲಿಲ್ಲ."

"ನನಗೊಂದು ಮಾತು ಹೇಳಬಾರದಿತ್ತಾ ಪುಟ್ಟಿ?"

"ನೀನು ಕೇಳಿದ್ಯಾ?"

ಚಿಕ್ಕಂದಿನಲ್ಲಿ ವಾರ್ನಿಷಮ್ಮನೂ ಅಕ್ಕ ಮಡಚಿದ್ದನ್ನೆಲ್ಲ ಬಿಚ್ಚಿ ಬಿಚ್ಚಿಯೇ ಕಲಿತವಳು. ಗೊತ್ತಿದ್ದೂ ಗೊತ್ತಿದ್ದೂ ಹೀಗೆ ಮಾಡಿಬಿಟ್ಟಳಲ್ಲ!

ಕೈ ಒರೆಸಿಕೊಳ್ಳಲೆಂದು ಚೀಲದಲ್ಲಿಟ್ಟಿದ್ದ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಬಾಲದ ತುದಿಗೆ ಒತ್ತಿದಳು. ವಾರ್ನಿಷ್ ಜೊತೆ ಕಾಗದವೂ ಎದ್ದು ಬಂತು. ಹುಡುಗಿ ಅವಳ ಮಣಿಕಟ್ಟು ಹಿಡಿದಳು. "ಬಿಡು ಚಿಕ್ಕಮ್ಮಾ. ಇದೂ ಹೋಗೋದು ಬೇಡ."

ಇಬ್ಬರೂ ಕೋಳಿಯನ್ನು ಹೊರಗಿನಿಂದಲೇ ನೋಡಿ ನೋಡಿ ಹೊಸ ಹಾಳೆ ಮಡಚಲು ಕೂತರು. ಕೊಕ್ಕು ಬಂತು, ರೆಕ್ಕೆಯೂ ಬಂತು. ಆ ಮರಿ ಎಲ್ಲಿಂದ ಹುಟ್ಟುತ್ತದೆಂದು ಮಾತ್ರ ಹನ್ನೊಂದು ಹಾಳೆ ಮುಗಿದರೂ ತಿಳಿಯಲಿಲ್ಲ. ಸಂಜೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅವಳು ಅಳುಕಿನಿಂದಲೇ ಕೇಳಿದಳು, "ಮುಂದಿನ ಭಾನುವಾರ ಬರ್ಲೇನೇ?"

"ಬಾ," ಅಂದಳು ಹುಡುಗಿ, ತಲೆ ಎತ್ತದೆ. "ಆದ್ರೆ ಯಾವುದಕ್ಕೂ ಏನೂ ಹಚ್ಬೇಡ."