ಸುಂದ್ರವ್ವನ ಮಶೇರಿ

ನಮ್ಮ ಅತ್ತೆ ಸುಂದ್ರವ್ವ ಹೊಗಳಿಕೆಗೆ ಬಗ್ಗುವವರಲ್ಲ. ಆದರೆ ಅವರು ಹುರಿದ ಮಶೇರಿ ಚಲೋ ಐತಿ ಎಂದು ಯಾರಾದರೂ ಅಂದರೆ ಮುಖ ಅರಳುತ್ತದೆ. ನಿಪ್ಪಾಣಿಯಲ್ಲಿ ತಂಬಾಕು ಕೂಡಿಡುವ ವಖಾರಿಯಲ್ಲಿ ಎಲೆ ಹಸನು ಮಾಡುತ್ತ ಪ್ರಾಯ ಕಳೆದವರು ಅವರು. ಹಸಿವು ಗೊತ್ತಾಗಬಾರದೆಂದು ಅಲ್ಲಿನ ಹಿರಿಯ ಹೆಂಗಸರು ಚಿಕ್ಕಂದಿನಲ್ಲೇ ಕಲಿಸಿಕೊಟ್ಟದ್ದು ಇದು. ತಂಬಾಕಿನ ಚೂರನ್ನು ರೊಟ್ಟಿ ಹಂಚಿನ ಮೇಲೆ ಕರ್ರಗೆ ಹುರಿದು, ಕುಟ್ಟಿ, ಸೋಸಿ ಡಬ್ಬಿ ತುಂಬುವುದು; ಮುಂಜಾನೆ ಎದ್ದಾಗ, ಉಂಡ ಮೇಲೆ, ಬೇಜಾರಾದಾಗ ಬೆರಳಿಗೆ ಹಚ್ಚಿ ಹಲ್ಲು ತಿಕ್ಕುವುದು. ಚಟ ಅಂದರೆ ಅವರಿಗೆ ಸಿಟ್ಟು ಬರುತ್ತದೆ. ಅವರ ಲೆಕ್ಕದಲ್ಲಿ ಅದು ಹಲ್ಲುಪುಡಿ. ಓಣಿಯ ಹೆಂಗಸರು ಅದಕ್ಕಾಗಿ ಬಟ್ಟಲು ಹಿಡಿದು ಬರುತ್ತಾರೆ. ಎದುರುಮನೆಯ ಕಾಶಿಬಾಯಿಯಂತೂ ಸೊಸೆಯಾಗಿ ಬಂದಾಗಿನಿಂದ ನಮ್ಮ ಮನೆಯ ಮಶೇರಿಯನ್ನೇ ತಿಕ್ಕುತ್ತಾಳೆ.

ನಾನು ಅವರ ಸೊಸೆ ಮಯೂರಿ, ಊರಿನ ಆಶಾ ಕಾರ್ಯಕರ್ತೆ. ಮೂವತ್ತು ದಾಟಿದ ಎಲ್ಲರ ಬಾಯಿ ಪರೀಕ್ಷೆ ಮಾಡಿಸಬೇಕೆಂದು ಸರ್ಕಾರದ ಯೋಜನೆ ಬಂದಾಗ ನಮಗೂ ತರಬೇತಿ ಕೊಟ್ಟರು. ಖಾರ ತಾಗಿದರೆ ಉರಿ, ಗಲ್ಲದೊಳಗೆ ಬಿಳಿ ಮಚ್ಚೆ, ಮೂರು ಬೆರಳು ಹೋಗದಷ್ಟು ಬಿಗಿದ ಬಾಯಿ ಕಂಡರೆ ಅಂಥವರನ್ನು ಬಿಡಬೇಡಿ ಅಂದರು. ಕೇಳುತ್ತ ಕುಳಿತಿದ್ದ ನನಗೆ ಅತ್ತೆಯೇ ಕಣ್ಣಮುಂದೆ ಬಂದರು. ಅತ್ತೆ ಕೆಲವು ತಿಂಗಳಿಂದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಗುಬ್ಬಿಗೆ ಹಾಕುವಷ್ಟು ಸಣ್ಣ ತುತ್ತು ಮಾಡಿ ತಿನ್ನುತ್ತಿದ್ದರು. ಕೆಂಪು ಚಟ್ನಿಯ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನೋವು ಬಂದಾಗ ಅದೇ ಜಾಗಕ್ಕೆ ಇನ್ನಷ್ಟು ಮಶೇರಿ ಒತ್ತುತ್ತಿದ್ದರು. ಜಾಗ ಜೋಮು ಹಿಡಿದು ಸ್ವಲ್ಪ ಹೊತ್ತು ನೋವು ಕಡಿಮೆಯಾಗುತ್ತಿತ್ತು. ಅವರ ಮಟ್ಟಿಗೆ ಔಷಧವೂ ಅದೇ.

ಊರಿಗೆಲ್ಲ ಬಾಯಿ ತೋರಿಸಿ ಎನ್ನುವ ನನಗೆ ಮನೆಯಲ್ಲಿ ನಾಲಿಗೆ ಏಳಲಿಲ್ಲ. ಸೊಸೆಯಾದವಳು ಅತ್ತೆಗೆ ಬಾಯಿ ತೆಗೆಯಿರಿ ಅನ್ನುವುದೆಂದರೇನು! ಗಂಡ ಸಂಭಾಜಿಗೆ ಹೇಳಿದೆ.

"ನೀನ ಹೇಳ. ನಾ ಹೇಳಿದ್ರ ಬೈತಾಳ," ಅಂದು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಕಬ್ಬಿನ ಟ್ರ್ಯಾಕ್ಟರಿಗೆ ಅಡ್ಡ ನಿಂತು ಜಗಳ ಆಡುವ ಮನುಷ್ಯ ಅವ್ವನ ಮುಂದೆ ಬೆಕ್ಕಿನ ಮರಿ.

ಹಲ್ಲಿನ ಡಾಕ್ಟರು ಊರಿಗೇ ಬರುತ್ತಾರೆಂದು ಗೊತ್ತಾದಾಗ ಹೋದ ಜೀವ ಬಂದಂತಾಯಿತು. ಹಿಂದಿನ ದಿನ ಮನೆಮನೆಗೆ ಹೋಗಿ, "ನಾಳಿ ಬಾಯಿ ಸ್ವಚ್ಛ ಮಾಡ್ಕೊಂಡ ಬರ್ರಿ," ಎಂದು ಸಾರಿ ಬಂದೆ. ಆಗಿದ್ದೇ ಬೇರೆ. ಡಾಕ್ಟರು ನೋಡುತ್ತಾರಲ್ಲ ಎಂದು ಹೆಂಗಸರೆಲ್ಲ ದಿನಕ್ಕಿಂತ ಹೆಚ್ಚಾಗಿಯೇ ಮಶೇರಿ ತಿಕ್ಕಿಕೊಂಡು ಸಾಲಾಗಿ ನಿಂತಿದ್ದರು. ಡಾಕ್ಟರ್ ಸೀಮಾ ಮೊದಲನೆಯವಳ ಬಾಯಿಗೆ ಬೆಳಕು ಬಿಟ್ಟವರೇ ನನ್ನ ಕಡೆ ತಿರುಗಿದರು.

"ಈ ಕಪ್ಪಿನೊಳಗೆ ನಾನು ಏನು ನೋಡಬೇಕು, ಮಯೂರಿ?"

ಎಲ್ಲರನ್ನೂ ನಲ್ಲಿಗೆ ಅಟ್ಟಿದೆ. ಅತ್ತೆ ಮಾತ್ರ ಕದಲಲಿಲ್ಲ. "ನಂದು ಮುಂಜಾನೇನ ತೊಳದಾಗೈತಿ," ಅಂದರು. ಅವರು ಬೇಕೆಂದೇ ಹಾಗೆ ನಿಂತಿದ್ದಾರೆಂದು ಆಗ ನನಗೆ ಹೊಳೆಯಿತು. ಕಪ್ಪು ಇದ್ದರೆ ಮಚ್ಚೆ ಕಾಣುವುದಿಲ್ಲ. ತಂಬಿಗೆ ನೀರು ತಂದು ಎಲ್ಲರೆದುರಿಗೇ ಅವರ ಮುಂದೆ ಹಿಡಿದೆ.

"ಅತ್ತಿ, ಬಾಯಿ ಮುಕ್ಕಳಿಸ್ರಿ. ನೀವು ಮುಕ್ಕಳಿಸೂತನಾ ನಾ ಇಲ್ಲಿಂದ ಸರಿಯಂಗಿಲ್ಲ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅತ್ತೆ ನನ್ನನ್ನು ಸುಟ್ಟುಬಿಡುವಂತೆ ನೋಡಿದರು. ಆದರೂ ತಂಬಿಗೆ ಇಸಿದುಕೊಂಡರು. ಅವರ ಬಾಯಿಗೆ ಡಾಕ್ಟರ ಎರಡು ಬೆರಳೂ ಸರಿಯಾಗಿ ಹಿಡಿಸಲಿಲ್ಲ. ಗಲ್ಲದ ಹಿಂಬದಿಯಲ್ಲಿ ಬಿಳಿ ಮಚ್ಚೆ, ಅದರ ನಡುವೆ ಕೆಂಪು ಹುಣ್ಣು. ಡಾಕ್ಟರು ಚೀಟಿ ಬರೆದು ಕೊಟ್ಟರು. ಸಣ್ಣ ತುಣುಕು ತೆಗೆದು ಪರೀಕ್ಷೆ ಮಾಡಬೇಕು, ಬೆಳಗಾವಿಗೆ ಹೋಗಿ, ಖರ್ಚನ್ನು ಸರ್ಕಾರ ನೋಡಿಕೊಳ್ಳುತ್ತದೆ ಅಂದರು.

ಹೋಗಿ ಬಂದೆವು. ವರದಿ ಇನ್ನೂ ಬಂದಿಲ್ಲ. ಫೋನು ಸದ್ದು ಮಾಡಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತೇನೆ. ಬೀಡಿ ಕಟ್ಟಿನ ಮೇಲೆ ಹುಣ್ಣಿನ ಚಿತ್ರ ಅಚ್ಚು ಹಾಕಿಸುವ ಕಾನೂನಿಗೆ ನಮ್ಮ ಅಡುಗೆಮನೆಯ ಡಬ್ಬಿ ಕಾಣುವುದಿಲ್ಲ. ಆ ಡಬ್ಬಿಯವರೆಗೆ ಯೋಜನೆ ಬರಬೇಕಾದರೆ ಯಾವಳೋ ಒಬ್ಬ ಸೊಸೆ ಮರ್ಯಾದೆ ಬಿಟ್ಟು ತಂಬಿಗೆ ಹಿಡಿಯಬೇಕು. ತಂಬಿಗೆ ಹಿಡಿದ ದಿನದಿಂದಲೇ ಅತ್ತೆ ನನ್ನೊಡನೆ ಮಾತು ಬಿಟ್ಟರು. ಬಿಡಲಿ, ಅವರ ಜೀವ ಉಳಿದರೆ ಸಾಕು ಅಂದುಕೊಂಡೆ.

ನಿನ್ನೆ ಕಾಶಿಬಾಯಿ ಬಟ್ಟಲು ಹಿಡಿದು ಬಂದಳು. ಕಬ್ಬಿನ ಕೆಲಸದ ಗಡಿಬಿಡಿಯಲ್ಲಿ ಅವಳು ಡಾಕ್ಟರ ಹತ್ತಿರ ಬಂದಿರಲಿಲ್ಲ. ಅತ್ತೆ ಅವಳ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದರು. ಆಮೇಲೆ, ಮಾತು ಬಿಟ್ಟಿದ್ದವರು, ನನ್ನನ್ನೇ ಕೂಗಿದರು.

"ಮಯೂರಿ, ನೀರು ತಾ. ಬ್ಯಾಟರಿನೂ ತಾ."

"ಯಾಕಬೇ ಯಕ್ಕಾ, ಏನಾತು?" ಕಾಶಿಬಾಯಿ ಗಾಬರಿಯಾದಳು.

"ಇಷ್ಟ ವರ್ಸ ನಾ ಕೊಟ್ಟದ್ದನ್ನ ತಿಕ್ಕೀದಿ. ಬಾಯಿ ತಗಿ, ನೋಡೂಣು."

ಕಾಶಿಬಾಯಿ ಮುಕ್ಕಳಿಸಿ ಬಾಯಿ ತೆರೆದಳು. ನಾನು ಬ್ಯಾಟರಿಯ ಬೆಳಕು ಬಿಟ್ಟೆ. ಎರಡೂ ಗಲ್ಲ, ನಾಲಿಗೆಯ ಅಡಿ, ಎಲ್ಲ ನೋಡಿದೆ. ಏನೂ ಕಾಣಲಿಲ್ಲ.

"ಇನ್ನೊಮ್ಮಿ ನೋಡ," ಅಂದರು ಅತ್ತೆ.

ಇನ್ನೊಮ್ಮೆ ನೋಡಿದೆ. "ಏನಿಲ್ರಿ ಅತ್ತಿ. ಆದ್ರೂ ಡಾಕ್ಟರಿಗೆ ತೋರಸೂಣು."

ಬೆಳಗಾವಿಯಲ್ಲಿ ಗಲ್ಲದ ತುಣುಕು ಕತ್ತರಿಸಿದಾಗಲೂ ಒಂದು ಹನಿ ಕಣ್ಣೀರು ಹಾಕದ ನಮ್ಮ ಅತ್ತೆ, ಕಾಶಿಬಾಯಿಯ ತೊಡೆಯ ಮೇಲೆ ಮುಖ ಇಟ್ಟು ಅತ್ತುಬಿಟ್ಟರು.