ಹುಣಸೆಬೀಜದಲ್ಲಿ ಸಿಕ್ಕ ತಪ್ಪು

ಸೌಮ್ಯ ಹೋದ ಗುರುವಾರ ಬೆಳಿಗ್ಗೆ ತೀರಿಕೊಂಡಳು. ಮೂತ್ರಪಿಂಡದ ಕಾಯಿಲೆ. ವಯಸ್ಸು ಮೂವತ್ತೊಂಬತ್ತು.

ಹನೂರಿನಲ್ಲಿ ಅವಳದೊಂದು ಕಂಪ್ಯೂಟರ್ ಅಂಗಡಿ. ಪಹಣಿ, ಅರ್ಜಿ, ಜೆರಾಕ್ಸ್. ಅದರ ನಡುವೆಯೇ ಜಾವಾ ಕಲಿತು ಹೂಗ್ಯಂನವರಿಗಾಗಿ ಒಂದು ಪ್ರೋಗ್ರಾಂ ಬರೆದಿದ್ದಳು. ಕಾಡಂಚಿನಲ್ಲಿ ನೆಟ್ಟ ಸೆನ್ಸರ್ ಕಂಬದ ಮುಂದೆ ಆನೆ ಹಾದರೆ ಊರಿನ ಅರವತ್ತೆರಡು ಫೋನುಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು.

ಅವಳು ತೀರಿಕೊಳ್ಳುವ ಹಿಂದಿನ ದಿನ, ಬುಧವಾರ ಮಧ್ಯಾಹ್ನ, ಹೂಗ್ಯಂನ ರೈತ ಚಿಕ್ಕಸಿದ್ದಯ್ಯ ಅವಳ ಮನೆಗೆ ಫೋನ್ ಮಾಡಿದ. "ಅವ್ವಾ, ಬೆಳಗ್ಗೆ ಜೋಳದ ಒಲದಲ್ಲಿ ಆನೆ ನಿಂತದೆ, ನಿನ್ ಪೋನು ಉಸ್ರೇ ಎತ್ನಿಲ್ಲ. ಇವತ್ತು ಕಾವಲಿಗೆ ಓಗದಾ ಬ್ಯಾಡ್ವಾ?"

ಮಂಗಳವಾರ ಅವಳೇ ಪ್ರೋಗ್ರಾಮನ್ನು ತಿದ್ದಿದ್ದಳು. ಬರೆದಾಗ ಕಂಪ್ಯೂಟರ್ ಒಪ್ಪಿಕೊಂಡಿತ್ತು. ಈಗ ತೆರೆದು ನೋಡಿದರೆ, ಓಡುವ ಹೊತ್ತಿಗೆ 'ವೆರಿಫೈ ಎರರ್' ಎಂದು ನಿಂತುಬಿಟ್ಟಿತ್ತು. ಓಡುವ ಮುನ್ನ ಪ್ರತಿ ಸೂಚನೆಯನ್ನೂ ತಡೆದು ನೋಡುವ ಕಾವಲುಗಾರನೊಬ್ಬ ಜಾವಾದೊಳಗೇ ಇದ್ದಾನಂತೆ.

ಮಲಗಿದ್ದಲ್ಲಿಂದಲೇ ಅವಳು ತಾಯಿ ಮಹಾದೇವಮ್ಮನವರ ಹತ್ತಿರ ಚೌಕಾಬಾರದ ಹುಣಸೆಬೀಜ ಕೇಳಿ ಇಸಿದುಕೊಂಡಳು. ಅವಳನ್ನು ನೋಡಲು ಬಂದಿದ್ದ ಗೆಳತಿ ನಾನು; ಯಂತ್ರ ನೋಡುವ ಸೂಚನೆಗಳನ್ನು ಲ್ಯಾಪ್‌ಟಾಪಿನಿಂದ ಒಂದೊಂದಾಗಿ ಓದಬೇಕು. ಅವಳು ಹೊದಿಕೆಯ ಮೇಲೆ ಬೀಜ ಇಡುತ್ತ, ತೆಗೆಯುತ್ತ ಹೋಗುವಳು. ಪೂರ್ತಿ ಕಟ್ಟಿದ ವಸ್ತುವಿಗೆ ಉಜ್ಜಿದ ಬಿಳಿಮುಖ, ಕಟ್ಟಿ ಮುಗಿಯದ್ದಕ್ಕೆ ಕಪ್ಪುಮುಖ. ಇಪ್ಪತ್ತು ವರ್ಷ ಕೊಳ್ಳೇಗಾಲದ ಗ್ರಂಥಾಲಯದಲ್ಲಿ ಕಳೆದವಳು ನಾನು. ಹಾಗೆ ಓದುವವರನ್ನು ಕಂಡಿಲ್ಲ. ಯಂತ್ರದ ಒಳಗೇ ಕೂತು ಎಣಿಸುತ್ತಿದ್ದಾಳೆ ಅನ್ನಿಸಿ ನನ್ನ ದನಿ ತಗ್ಗಿತು.

ಎಷ್ಟೋ ಸಾಲುಗಳಾದ ಮೇಲೆ ಅವಳ ಬೆರಳು ಒಂದು ಕಪ್ಪು ಬೀಜದ ಮೇಲೆ ನಿಂತಿತು.

"ನೋಡೇ, ಪಾಯ ಆಕಕ್ಕೆ ಮುಂಚೆನೇ ಕ್ವಾಣೆ ಬಾಡಿಗೆಗೆ ಕೊಟ್ಟಿವ್ನಿ."

ಮುಖ್ಯ ವಸ್ತು ಇನ್ನೂ ಹುಟ್ಟುತ್ತಿರುವಾಗಲೇ, ಅದರೊಳಗಿನ ಒಂದು ಭಾಗವನ್ನು ಹುಟ್ಟಿಸುವ ಕನ್‌ಸ್ಟ್ರಕ್ಟರನ್ನು ಚುಟುಕಾಗಿ ಹೆಸರಿಸಿ ಬೇರೆ ಕೈಗೆ ಒಪ್ಪಿಸಿದ್ದಳು. ಉದ್ದಕ್ಕೆ ಬರೆದಿದ್ದರೆ ಕಂಪ್ಯೂಟರ್ ಆಗಲೇ ಬೈಯುತ್ತಿತ್ತಂತೆ. ಆ ಭಾಗ ಯಾರನ್ನೂ ಆಶ್ರಯಿಸದೆ ತಾನೇ ನಿಲ್ಲುವಂತೆ ಒಂದೇ ಒಂದು ಪದ ಸೇರಿಸಿದಳು. ಪ್ರೋಗ್ರಾಂ ಎದ್ದಿತು.

ಅಷ್ಟಕ್ಕೆ ನಂಬದೆ, ಎಮ್ಮೆಯನ್ನು ಕಂಬದ ಮುಂದೆ ನಡೆಸಲು ಚಿಕ್ಕಸಿದ್ದಯ್ಯನಿಗೆ ಹೇಳಿದಳು. ಎಮ್ಮೆ ಯಾವಾಗ ಆನೆ ಆಯ್ತವ್ವಾ ಎಂದು ನಗುತ್ತಲೇ ಅವನು ಹೋದ. ಕಾಲು ಗಂಟೆಯಲ್ಲಿ ಹೂಗ್ಯಂನ ಫೋನುಗಳು ಬಡಿದುಕೊಂಡವು.

ಸೌಮ್ಯ ಕರೆ ತಲುಪಿದ ಫೋನುಗಳ ಪಟ್ಟಿಯನ್ನು ಹೆಸರು ಹೆಸರಾಗಿ ನೋಡಿದಳು. ಅರವತ್ತೊಂದು. ಕಾಡಿಗೆ ತೀರ ಹತ್ತಿರದ ಕೊನೆಯ ಮನೆಯ ವೀರಮ್ಮನ ಫೋನು ಆಫ್ ಆಗಿತ್ತು. ಮತ್ತೆ ಚಿಕ್ಕಸಿದ್ದಯ್ಯನಿಗೆ ಕರೆಮಾಡಿ, ಕಾವಲಿಗೆ ಹೋಗುವ ಮುಂಚೆ ವೀರಮ್ಮನ ಮನೆಗೆ ಹೋಗಿ ಅವರ ಫೋನು ಚಾರ್ಜಿಗೆ ಹಾಕಿ ಬಾ ಎಂದಳು.